ದೊಡ್ಡವಳು ಬಿಟ್ಟುಹೋದ ಕುಂಡಗಳು

ನಮ್ಮ ಮನೆಯ ಬಾಲ್ಕನಿಯಲ್ಲಿ ಮೂರು ಕುಂಡಗಳಿವೆ. ನೀರು ಹಾಕುವುದು, ಒಣಗಿದ ಎಲೆ ತೆಗೆಯುವುದು, ಬಿಸಿಲು ಸರಿದ ಹಾಗೆ ಕುಂಡ ಸರಿಸುವುದು ಎಲ್ಲ ನನ್ನದೇ ಕೆಲಸ. ಆದರೂ ಅವು ನನ್ನವಲ್ಲ, ನನ್ನ ದೊಡ್ಡ ಮಗಳವು ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಮನಿಪ್ಲಾಂಟ್, ಒಂದು ಸಿಂಗೋನಿಯಂ, ಇನ್ನೊಂದು ದೊಡ್ಡಪತ್ರೆ. ಮೂರರ ಎಲೆಯಲ್ಲೂ ಹಸಿರಿನ ಜೊತೆ ಬಿಳಿ ಇದೆ. ಮನಿಪ್ಲಾಂಟಿಗೆ ಸುಣ್ಣ ಚಿಮುಕಿಸಿದ ಹಾಗೆ, ದೊಡ್ಡಪತ್ರೆಗೆ ಅಂಚಿನಲ್ಲಿ ಮಾತ್ರ.

ಇಂಥ ಗಿಡಗಳಿಗೆ ಒಂದು ಚಾಳಿ. ಕಣ್ಣು ತಪ್ಪಿದರೆ ಹಸಿರಿಗೆ ತಿರುಗಿಬಿಡುತ್ತವೆ. ಬೆಳಕು ಕಮ್ಮಿಯಾದರಂತೂ ಕೇಳುವುದೇ ಬೇಡ. ಯಾವುದೋ ಒಂದು ಗೆಣ್ಣಿನಲ್ಲಿ ಪೂರ್ತಿ ಹಸಿರಾದ ಚಿಗುರು ಹೊರಡುತ್ತದೆ. ಅದಕ್ಕೆ ಮೈಯಲ್ಲಿ ಬಲ ಜಾಸ್ತಿ. ಬಿಳಿ ಇರುವ ಚಿಗುರು ಒಂದು ಎಲೆ ಬಿಡುವಷ್ಟರಲ್ಲಿ ಅದು ನಾಲ್ಕು ಬಿಟ್ಟಿರುತ್ತದೆ. ಸುಮ್ಮನೆ ಬಿಟ್ಟರೆ ಆರು ತಿಂಗಳಲ್ಲಿ ಕುಂಡವೆಲ್ಲ ಹಸಿರು. ತಡೆಯಬೇಕಾದರೆ ಆ ಚಿಗುರು ಬಂದ ಕೂಡಲೇ, ಕೆಳಗೆ ಬಿಳಿ ಇರುವ ಎಲೆ ಸಿಗುವ ತನಕ ಕತ್ತರಿಸಬೇಕು. ಅಂದರೆ ಗಿಡದಲ್ಲಿ ಎಲ್ಲಕ್ಕಿಂತ ದಷ್ಟಪುಷ್ಟವಾಗಿರುವುದನ್ನೇ ಹುಡುಕಿ ಕತ್ತರಿಸಬೇಕು. ಇದೆಂಥ ನ್ಯಾಯ ಎಂದು ನಾನು ಮೊದಮೊದಲು ಆ ಗಿಡಗಳ ಹತ್ತಿರವೇ ಜಗಳ ಮಾಡಿದ್ದೇನೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಈ ಕಥೆಯಲ್ಲಿ ಆಗಿರುವ ಅನಾಹುತದಲ್ಲಿ ಅರ್ಧ ಅದರಿಂದಲೇ ಆಗಿದ್ದು.

ನನಗೆ ಇಬ್ಬರು ಹೆಣ್ಣುಮಕ್ಕಳು. ಅವರಪ್ಪ, ಅಂದರೆ ನಮ್ಮವರು, ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿಗೇ ಮದರಾಸಿಗೆ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತವರು, ಇವತ್ತಿಗೂ ಎದ್ದಿಲ್ಲ. ಮನೆ ಪಶ್ಚಿಮ ಮಾಂಬಲದಲ್ಲಿ, ಎರಡನೇ ಮಹಡಿ. ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಓದಿದವರು. ನನ್ನ ಹತ್ತಿರ ಕನ್ನಡ, ಅವರವರೊಳಗೆ ತಮಿಳು, ಸಿಟ್ಟು ಬಂದರೆ ನನ್ನ ಹತ್ತಿರವೂ ತಮಿಳು.

ದೊಡ್ಡವಳು ಎಂಟನೇ ಕ್ಲಾಸಿನಲ್ಲಿದ್ದಾಗ ಅವಳ ಕೆಳತುಟಿಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿತು. ಚಿಬ್ಬು ಇರಬೇಕೆಂದು ನಾನು ಕೊಬ್ಬರಿ ಎಣ್ಣೆ ಹಚ್ಚಿದೆ. ವರ್ಷ ತುಂಬುವುದರೊಳಗೆ ಅದು ಬೆರಳುಗಳಿಗೆ ಬಂತು, ಮೊಣಕೈಗೆ ಬಂತು, ಒಂದು ಕಣ್ಣಿನ ಸುತ್ತ ಬಂತು. ಚರ್ಮದ ಡಾಕ್ಟರು ಸಮಾಧಾನದಿಂದ ಹೇಳಿದರು, ಇದು ಅಂಟುವುದಿಲ್ಲ, ಜೀವಕ್ಕೆ ಏನೂ ತೊಂದರೆಯಿಲ್ಲ, ಹೋದರೂ ಹೋಗಬಹುದು, ಇದ್ದರೂ ಇರಬಹುದು ಎಂದು. ಕೊನೆಯ ಮಾತು ಬಿಟ್ಟು ಬೇರೇನೂ ನನ್ನ ಕಿವಿಗೆ ಬೀಳಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ವೈದ್ಯ. ಹುಳಿ ಬೇಡ, ಮೊಸರು ಬೇಡ, ನಿಂಬೆಹಣ್ಣು ಬೇಡ ಎಂದು ಯಾರೋ ಹೇಳಿದರು. ಹುಣಸೆಹುಳಿ ಇಲ್ಲದ ಸಾರನ್ನು ಆ ಮಗು ನಾಲ್ಕು ವರ್ಷ ಉಂಡಿತು. ನಮ್ಮ ಕಡೆಯವರಿಗೆ ಚರ್ಮದ ಮೇಲೆ ಏನು ಬಂದರೂ ನಾಗನ ನೆನಪಾಗುತ್ತದೆ. ಊರಿಗೆ ಹೋದಾಗಲೆಲ್ಲ ಆಶ್ಲೇಷಾ ಬಲಿ ಮಾಡಿಸಿದೆ. ಬಾವಂಚಿ ಎಣ್ಣೆ ತರಿಸಿದೆ. ಅದನ್ನು ಹಚ್ಚಿ ಎಳೆ ಬಿಸಿಲಿಗೆ ಕೂರಬೇಕು, ಹತ್ತೇ ನಿಮಿಷ. ಬೆಳಿಗ್ಗೆ ಶಾಲೆಗೆ ಮೊದಲು ಅವಳನ್ನು ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂರಿಸಿ, ನಾನು ಕರೆಯುವ ತನಕ ಏಳಬಾರದು ಎಂದು ಹೇಳಿ ಕೆಳಗೆ ಬರುತ್ತಿದ್ದೆ.

ಒಂದು ಮೇ ತಿಂಗಳಲ್ಲಿ, ರಜೆಯ ದಿನ, ಕರೆಯಲು ಮರೆತೆ. ಊರಿನಿಂದ ಫೋನ್ ಬಂದಿತ್ತು, ಮಾತಿನಲ್ಲಿ ಮುಳುಗಿದೆ. ನೆನಪಾಗಿ ಓಡಿಹೋದಾಗ ಅವಳು ಕೂತಲ್ಲೇ ಕೂತಿದ್ದಳು. ಸಂಜೆಯ ಹೊತ್ತಿಗೆ ತುಟಿಯ ಸುತ್ತ, ಬೆರಳಿನ ಮೇಲೆಲ್ಲ ನೀರುಗುಳ್ಳೆ ಎದ್ದಿತು. “ಎದ್ದು ಬರ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ ನಿಂಗೆ?” ಎಂದು ನಾನು ಅಳುತ್ತಾ ಬೈದೆ. “ನೀನು ಕರೀಲಿಲ್ಲ ಅಲ್ವಾ” ಎಂದಳು. ಅಷ್ಟೇ. ಹದಿನಾಲ್ಕು ವರ್ಷದ ಹುಡುಗಿ. ಈಗಲೂ ಆ ಮಾತು ನೆನಪಾದರೆ ಮಾಡುತ್ತಿರುವ ಕೆಲಸ ಬಿಟ್ಟು ಸ್ವಲ್ಪ ಹೊತ್ತು ಕೂರುತ್ತೇನೆ. ಆದರೆ ಗುಳ್ಳೆ ಮಾಯ್ದ ಮೇಲೆ ಮತ್ತೆ ಎಣ್ಣೆ ಹಚ್ಚಿದೆ. ಅದನ್ನೂ ಹೇಳಬೇಕಲ್ಲ.

ಕಾಲೇಜಿನ ಎರಡನೇ ವರ್ಷದಲ್ಲಿ ಅವಳೇ ನಿಲ್ಲಿಸಿದಳು. ನಾನು ಬಟ್ಟಲು ಹಿಡಿದು ನಿಂತಿದ್ದೆ. “ಸಾಕಮ್ಮ. ಇದು ನಂಗೆ ನೋಯುದಿಲ್ಲ, ತುರಿಸುದೂ ಇಲ್ಲ. ನೋಯುದು ನಿಂಗೆ. ಬೇಕಾದ್ರೆ ನೀನೇ ಹಚ್ಕೋ” ಎಂದು ನಕ್ಕು ಬಸ್ಸಿಗೆ ಓಡಿದಳು. ನಾವು ಯಾರೂ ಅದರ ಹೆಸರನ್ನು ಮನೆಯಲ್ಲಿ ಆಡುತ್ತಿರಲಿಲ್ಲ. ‘ಅದು’ ಎನ್ನುತ್ತಿದ್ದೆವು. ಅದು ಜಾಸ್ತಿಯಾಗಿದೆಯಾ, ಅದಕ್ಕೆ ಹಚ್ಚಿದೆಯಾ, ಹೀಗೆ.

ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದ ತಿಂಗಳು ಅವಳು ನನಗೆ ಸೀರೆ, ಅಪ್ಪನಿಗೆ ಚಪ್ಪಲಿ, ತಂಗಿಗೆ ಇಯರ್‌ಫೋನ್ ತಂದಳು. ತನಗೆಂದು ಒಂದು ಗಿಡ. ಬೀದಿಬದಿಯ ನರ್ಸರಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು. ಬಿಳಿ ಬಿಳಿ ಮನಿಪ್ಲಾಂಟ್. ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿ, “ಎಂತದು ಇದು? ದುಡ್ಡು ಕೊಟ್ಟು ತೊನ್ನು ಹಿಡಿದ ಗಿಡ ತಂದಿದ್ದೀಯಾ?” ಎಂದುಬಿಟ್ಟೆ.

ಬಾಯಿಂದ ಬಿದ್ದ ಮೇಲೆ ಕೇಳಿಸಿತು. ಒಗ್ಗರಣೆ ಸೀದುಹೋಯಿತು. ಚಿಕ್ಕವಳು ಬಾಗಿಲಲ್ಲಿ ನಿಂತವಳು ಹಾಗೇ ನಿಂತಳು. ದೊಡ್ಡವಳು ಮಾತ್ರ ಚೀಲ ಬಿಚ್ಚುತ್ತಾ, “ಹೌದಮ್ಮ. ಹಸಿರಿನದ್ದಕ್ಕಿಂತ ಇದಕ್ಕೇ ರೇಟು ಜಾಸ್ತಿ” ಎಂದಳು. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಆ ಶಬ್ದವನ್ನು ಇನ್ನೊಂದು ಸಲ ಎತ್ತಬೇಕಾಗುತ್ತದಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಆಮೇಲೆ ಇನ್ನೆರಡು ಕುಂಡ ಬಂದವು. ದೊಡ್ಡಪತ್ರೆಯದ್ದು ದೊಡ್ಡ ರಾಮಾಯಣ. ಬಿಳಿ ಅಂಚಿನ ದೊಡ್ಡಪತ್ರೆಯನ್ನು ನಾನು ಹುಟ್ಟಿದ ಲಾಗಾಯ್ತು ನೋಡಿರಲಿಲ್ಲ. ಆದರೆ ಕಿವುಚಿ ಮೂಸಿದರೆ ಅದೇ ಘಮ. ನಮ್ಮ ಕಡೆಯವರ ಕೈಗೆ ಈ ಸೊಪ್ಪು ಸಿಕ್ಕಿದರೆ ಅದು ಗಿಡದಲ್ಲಿ ಉಳಿಯುತ್ತದೆಯೇ? ವಾರಕ್ಕೆ ಎರಡು ಸಲ ತಂಬುಳಿ ಮಾಡಿದೆ. ಬಿಳಿ ಅಂಚಿನ ಎಲೆ ಸಣ್ಣದು, ಮೆತ್ತಗೆ, ನುಣ್ಣಗೆ ಅರೆಯುತ್ತದೆ. ಹಾಗಾಗಿ ಅವನ್ನೇ ಆರಿಸಿ ಆರಿಸಿ ಕೊಯ್ದೆ. ದಪ್ಪಗಿದ್ದ ಹಸಿರು ಚಿಗುರನ್ನು, ಪಾಪ ಚೆನ್ನಾಗಿ ಬೆಳೆಯುತ್ತಿದೆ ಎಂದು ಬಿಟ್ಟೆ. ಎರಡು ತಿಂಗಳಲ್ಲಿ ಕುಂಡದ ಮುಕ್ಕಾಲು ಭಾಗ ಹಸಿರು.

“ಅಮ್ಮಾ, ನನ್ನ ಗಿಡವನ್ನು ಮಜ್ಜಿಗೆಗೆ ಹಾಕಿ ಕುಡಿದಿದ್ದೀಯಾ ನೀನು?” ಎಂದು ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು.

“ನಾನೊಬ್ಳೇ ಕುಡಿದದ್ದಾ? ನೀನೂ ಎರಡು ಸೌಟು ಬಡಿಸ್ಕೊಂಡಿದ್ದೀಯಲ್ಲ!”

ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನನ್ನು ಕುಂಡದ ಮುಂದೆ ಕೂರಿಸಿ ಪಾಠ ಮಾಡಿದಳು. ಬಿಳಿಯನ್ನು ಮುಟ್ಟಬೇಡ, ಹಸಿರನ್ನು ಕೊಯ್ಯಿ. ತಂಬುಳಿಗೆ ಹಸಿರು, ನನಗೆ ಬಿಳಿ. ಗಿಡಕ್ಕೆ ಬೆಳಕು ಬೇಕು, ಆದರೆ ಮಧ್ಯಾಹ್ನದ ಬಿಸಿಲು ಬೇಡ, ಬಿಳಿ ಇರುವ ಕಡೆ ಬೇಗ ಸುಡುತ್ತದೆ. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನೂ ಅವಳದನ್ನು ನೋಡಲಿಲ್ಲ. ಈ ಮನೆಯಲ್ಲಿ ನಾವಿಬ್ಬರೂ ಹಾಗೆ ಪಕ್ಕಪಕ್ಕ ನೆಲದ ಮೇಲೆ ಕೂತು ನಕ್ಕಿದ್ದು ಅದೇ ಕೊನೆ.

ಚಿಕ್ಕವಳಿಗೆ ಒಂದು ಸಂಬಂಧ ಬಂತು. ಹುಡುಗನ ಮನೆಯವರು ಕುಂದಾಪುರದ ಕಡೆಯವರೇ, ಈಗ ಅಂಬತ್ತೂರಿನಲ್ಲಿದ್ದಾರೆ. ಹುಡುಗ ಒಳ್ಳೆಯವನು, ಚಿಕ್ಕವಳಿಗೂ ಮನಸ್ಸಿತ್ತು. ದೊಡ್ಡವಳು ತನಗೆ ಈ ಮದುವೆಯ ಗೋಜು ಬೇಡ, ತಂಗಿಯದು ಮೊದಲಾಗಲಿ ಎಂದು ತಾನೇ ಹೇಳಿದ್ದಳು. ಅದರಲ್ಲಿ ಏನೂ ತಕರಾರಿರಲಿಲ್ಲ. ಭಾನುವಾರ ಬೆಳಿಗ್ಗೆ ನೋಡಲು ಬರುತ್ತೇವೆ ಎಂದರು. ನನಗೆ ಶುಕ್ರವಾರದಿಂದಲೇ ನಿದ್ದೆಯಿಲ್ಲ. ದೊಡ್ಡವಳನ್ನು ನೋಡಿ ಅವರು ಹಿಂದೆ ಸರಿದರೆ? ಮನೆತನದಲ್ಲೇ ಉಂಟು, ನಾಳೆ ಚಿಕ್ಕವಳಿಗೂ ಬಂದರೆ, ಅವಳ ಮಕ್ಕಳಿಗೆ ಬಂದರೆ ಎಂದರೆ? ಒಬ್ಬಳ ಬಾಳು ಹೇಗೂ ಹೀಗಾಯಿತು, ಇನ್ನೊಬ್ಬಳದಾದರೂ ನೆಟ್ಟಗಾಗಲಿ ಎಂದು ನಾನು ಯೋಚಿಸಿದೆ. ‘ಹೀಗಾಯಿತು’ ಎಂದರೆ ಏನು? ಅವಳು ಓದಿದ್ದಳು, ದುಡಿಯುತ್ತಿದ್ದಳು, ನಗುತ್ತಿದ್ದಳು. ಹಾಗೆ ಯೋಚಿಸಿದ್ದಕ್ಕೆ ನನ್ನನ್ನು ನಾನು ಇನ್ನೂ ಬೈದುಕೊಳ್ಳುತ್ತೇನೆ.

ಶನಿವಾರ ಬೆಳಿಗ್ಗೆ ಅವಳ ಹತ್ತಿರ ಹೋಗಿ, “ನಾಳೆ ನೀನು ಫ್ರೆಂಡ್ ಮನೆಗೆ ಹೋಗಿ ಬರ್ತೀಯಾ?” ಎಂದೆ.

“ಯಾಕಮ್ಮ?”

ಅವಳಿಗೆ ಯಾಕೆಂದು ಗೊತ್ತಿತ್ತು. ನಾನು ಬಾಯಿಬಿಟ್ಟು ಹೇಳುತ್ತೇನೋ ಇಲ್ಲವೋ ಎಂದು ಕಾಯುತ್ತಿದ್ದಳು. ನಾನು, “ಹಾಲ್‌ನಲ್ಲಿ ಜಾಗ ಸಾಲುದಿಲ್ಲ. ಅವರೇ ಏಳೆಂಟು ಜನ ಬರ್ತಾರಂತೆ” ಎಂದೆ.

“ನಾನು ನಿಂತ್ಕೊಳ್ತೇನೆ.”

ನಾನು ಒಣಗಿದ ಬಟ್ಟೆ ಮಡಿಸುತ್ತಾ ಇದ್ದೆ. ಸ್ವಲ್ಪ ಹೊತ್ತು ನೋಡಿ ಅವಳೇ, “ಸರಿ, ಹೋಗ್ತೇನೆ” ಎಂದಳು.

ಭಾನುವಾರ ಅವಳು ತಿಂಡಿ ತಿಂದು ಹೊರಟ ಮೇಲೆ ಮನೆ ಒಪ್ಪ ಮಾಡುತ್ತಿದ್ದೆ. ಬಾಲ್ಕನಿಯ ಗಿಡಗಳು ಕಣ್ಣಿಗೆ ಬಿದ್ದವು. ಬಂದವರು ಈ ಬಿಳಿ ಎಲೆ ನೋಡಿ ಏನಾದರೂ ಅಂದರೆ, ಮಾತು ಅಲ್ಲಿಂದ ಎಲ್ಲಿಗೆ ಹೋಗುತ್ತದೋ ಎನಿಸಿತು. ಈಗ ಹೇಳಿದರೆ ಹುಚ್ಚಿ ಎನ್ನುತ್ತೀರಿ. ಆಗ ಹುಚ್ಚೇ ಹಿಡಿದಿತ್ತು. ಮೂರೂ ಕುಂಡ ಎತ್ತಿಕೊಂಡು ಹೋಗಿ, ಗ್ಯಾಸ್ ಸಿಲಿಂಡರ್, ಹಳೆಯ ಪಾತ್ರೆ ಇಡುವ ಹಿಂದಿನ ಕತ್ತಲೆ ಕೋಣೆಗೆ ಹಾಕಿ ಬಾಗಿಲೆಳೆದೆ.

ಬಂದವರು ಐದೇ ಜನ. ಎರಡು ಕುರ್ಚಿ ಖಾಲಿ ಉಳಿದವು. ದೊಡ್ಡ ಮಗಳೆಲ್ಲಿ ಎಂದು ಹುಡುಗನ ತಾಯಿ ಕೇಳಿದಾಗ ಆಫೀಸಿಗೆ ಹೋಗಿದ್ದಾಳೆ ಎಂದೆ. ನಮ್ಮವರು ತಲೆ ತಗ್ಗಿಸಿಕೊಂಡು ಕಾಫಿ ಕುಡಿದರು. ಸಂಬಂಧ ಗಟ್ಟಿಯಾಯಿತು.

ಸಾಯಂಕಾಲ ದೊಡ್ಡವಳು ಬಂದು ತಂಗಿಯನ್ನು ತಬ್ಬಿಕೊಂಡಳು, ಉಳಿದ ಕೇಸರಿಬಾತು ತಿಂದಳು, ಕೈತೊಳೆದು ಬಾಲ್ಕನಿಗೆ ಹೋದಳು. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ತಿರುಗಿ ಬಂದು, “ಗಿಡಕ್ಕೂ ಜಾಗ ಸಾಲ್ಲಿಲ್ವಾ ಅಮ್ಮ?” ಎಂದು ಕೇಳಿದಳು.

ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಆದರೆ ಅವಳು ಕೂಗಲಿಲ್ಲ. ಮುಂದಿನ ಭಾನುವಾರದ ಹೊತ್ತಿಗೆ ಆಫೀಸಿಗೆ ಹತ್ತಿರವೆಂದು ಶೋಳಿಂಗನಲ್ಲೂರಿನಲ್ಲಿ ಕೋಣೆ ಹಿಡಿದಿದ್ದಳು. ಎರಡು ಸೂಟ್‌ಕೇಸ್, ಒಂದು ಬಾಟಲಿ ನೀರಿನಲ್ಲಿ ಮನಿಪ್ಲಾಂಟಿನ ಒಂದು ಬಳ್ಳಿ. ಕುಂಡಗಳನ್ನು ಕೇಳಲಿಲ್ಲ. ನಾನೂ ಅವನ್ನು ಹೊರಗೆ ತರಲಿಲ್ಲ. ಅವು ಕಣ್ಣಿಗೆ ಬೀಳದಿದ್ದರೆ ಸಾಕಿತ್ತು ನನಗೆ. ಅವಳು ಹೋಗುವಾಗ ಬಾಗಿಲಲ್ಲಿ ನಮ್ಮವರು, “ನೀನು ಮಾಡಿದ್ದು ಸರಿಯಲ್ಲ” ಎಂದು ನನಗೆ ಹೇಳಿದರು. ಆ ಮನುಷ್ಯ ಇಷ್ಟು ವರ್ಷದಲ್ಲಿ ನನಗೆ ಹಾಗೆ ಹೇಳಿದ್ದು ಅದೊಂದೇ ಸಲ. ಅದನ್ನು ಒಂದು ವಾರ ಮೊದಲು ಹೇಳಬಾರದಿತ್ತೇ ಎಂದು ಅವರ ಮೇಲೆ ಹರಿಹಾಯ್ದೆ.

ಮದುವೆಗೆ ನಾನು ಅವಳಿಗೆಂದು ಉದ್ದ ತೋಳಿನ ರವಿಕೆ ಹೊಲಿಸಿದ್ದೆ. ನೋಡಿ, ಆಗಲೂ ಬುದ್ಧಿ ಬಂದಿರಲಿಲ್ಲ. ಅವಳು ಮುಹೂರ್ತದ ದಿನ ಬೆಳಿಗ್ಗೆ ಗಿಡ್ಡ ತೋಳಿನ ರವಿಕೆ, ಹಸಿರು ರೇಷ್ಮೆಸೀರೆ ಉಟ್ಟು ಬಂದಳು. ಮುಖಕ್ಕೆ ಪೌಡರ್ ಕೂಡ ಇಲ್ಲ. ತಂಗಿಗೆ ಸೀರೆ ಉಡಿಸಿ, ಹೂ ಮುಡಿಸಿ, ಆಮೇಲೆ ಹೋಗಿ ಮೂರನೇ ಸಾಲಿನಲ್ಲಿ ಅತಿಥಿಯ ಹಾಗೆ ಕೂತಳು. ನಾನು ಮಂಟಪದ ಹತ್ತಿರದಿಂದ ನೋಡುತ್ತಿದ್ದೆ. ನನ್ನ ಬೀಗಿತ್ತಿ, ಹುಡುಗನ ತಾಯಿ, ಸೀದಾ ಅವಳ ಹತ್ತಿರ ಹೋಗುವುದು ಕಂಡಿತು. ಅಕ್ಷತೆಯ ತಟ್ಟೆ ಯಾರ ಕೈಗೋ ಕೊಟ್ಟು ಓಡಿದೆ.

ಬೀಗಿತ್ತಿ ಅವಳ ಎರಡೂ ಕೈ ಹಿಡಿದುಕೊಂಡಿದ್ದರು. ಬೆರಳುಗಳ ಬಿಳಿಯ ಮೇಲೆ ತಮ್ಮ ಹೆಬ್ಬೆರಳು ಆಡಿಸುತ್ತಾ, “ನಮ್ಮ ಚಿಕ್ಕಮ್ಮನಿಗೂ ಹೀಗೇ ಇತ್ತು ಮಗಾ. ನಮ್ಮನ್ನೆಲ್ಲ ಸಾಕಿ ದೊಡ್ಡ ಮಾಡಿದ್ದು ಅವರೇ. ನಿನ್ನ ನೋಡಿದ್ರೆ ಅವರನ್ನೇ ಕಂಡ ಹಾಗಾಯ್ತು” ಎನ್ನುತ್ತಿದ್ದರು. ಆಮೇಲೆ, “ಅಲ್ಲ, ನಾವು ನೋಡ್ಲಿಕ್ಕೆ ಬಂದ ದಿನ ನೀನು ಎಲ್ಲಿದ್ದಿ?” ಎಂದು ಕೇಳಿದರು.

ಅವಳು ನನ್ನನ್ನು ನೋಡಿದಳು. ನಾನು ಆ ಕ್ಷಣಕ್ಕೆ ಭೂಮಿ ಬಾಯಿಬಿಡಲಿ ಎಂದು ಕೇಳಿಕೊಂಡೆ.

“ಆಫೀಸ್ ಇತ್ತು” ಎಂದಳು.

“ಭಾನುವಾರವಾ?”

“ಹೌದು, ಭಾನುವಾರವೇ.”

ತಂಗಿಯಿಂದ ತಿಳಿದಿದ್ದ ನನ್ನ ಸುಳ್ಳನ್ನೇ ಹೇಳಿ ನನ್ನ ಮಾನ ಅವಳು ಉಳಿಸಿದಳು. ಊಟ ಮುಗಿದ ಮೇಲೆ ಎಲ್ಲರಿಗೂ ಹೇಳಿ, ನನಗೂ ಹೇಳಿ, ತಾಂಬೂಲದ ಚೀಲ ತೆಗೆದುಕೊಂಡು ಕ್ಯಾಬ್ ಹತ್ತಿದಳು. ಯಾವುದಕ್ಕೆ ಹೆದರಿ ನಾನು ಅವಳನ್ನು ಹೊರಗೆ ಕಳಿಸಿದ್ದೆನೋ ಅದು ಇರಲೇ ಇಲ್ಲ. ಹೆದರಿಕೆ ಪೂರ್ತಿ ನನ್ನೊಬ್ಬಳದೇ ಆಗಿತ್ತು.

ಮದುವೆ ಕಳೆದು, ಬಾಡಿಗೆ ಪಾತ್ರೆ ಹಿಂದಿರುಗಿಸುವಾಗ ಹಿಂದಿನ ಕೋಣೆಯ ಮೂಲೆಯಲ್ಲಿ ಕುಂಡಗಳು ಸಿಕ್ಕಿದವು. ಕೆಲಸದವಳು ಆಗೀಗ ನೀರು ಹಾಕುತ್ತಿದ್ದಳಂತೆ, ಸತ್ತಿರಲಿಲ್ಲ. ಕಿಟಕಿಯ ಸಂದಿನ ಬೆಳಕಿಗೆ ಬಾಗಿ ಉದ್ದುದ್ದ ಬೆಳೆದಿದ್ದವು. ಹೊಸದಾಗಿ ಬಂದ ಎಲೆಯೆಲ್ಲ ಅಚ್ಚ ಹಸಿರು. ಹಳೆಯ ಎಲೆಗಳಲ್ಲಿ ಮಾತ್ರ ಕೆಳಗೆ ಎಲ್ಲೋ ಬಿಳಿ. ಸಿಲಿಂಡರಿಗೆ ಒರಗಿ ಕೂತು ನಾನು ಅವತ್ತು ಅತ್ತಷ್ಟು ಮಗಳು ಮನೆಬಿಟ್ಟ ದಿನವೂ ಅತ್ತಿರಲಿಲ್ಲ.

ಅಂದಿನಿಂದ ಹಠ ಹಿಡಿದೆ. ನರ್ಸರಿಯ ಹೆಂಗಸಿನ ಹತ್ತಿರ ಹೋಗಿ ಕುಂಡ ತೋರಿಸಿದೆ. “ಪಚ್ಚೈಯೆಲ್ಲಾಂ ವೆಟ್ಟಿಡುಂಗಮ್ಮಾ” ಎಂದಳು, ಹಸಿರನ್ನೆಲ್ಲ ಕತ್ತರಿಸಿಬಿಡಿ ಎಂದು. ಪಾಠ ಗೊತ್ತಿದ್ದದ್ದೇ. ಮಾಡುವುದೇ ಕಷ್ಟ. ಚೆನ್ನಾಗಿ ಬೆಳೆದದ್ದಕ್ಕೆ ಕತ್ತರಿ ಹಾಕುವಾಗ ಪ್ರತಿ ಸಲವೂ “ತಪ್ಪಾಯ್ತು” ಎನ್ನುತ್ತಿದ್ದೆ. ಮನಿಪ್ಲಾಂಟನ್ನು ಒಂದು ಗೇಣಿಗೆ ಇಳಿಸಿದೆ. ಬಿಳಿ ಗೀಟಿರುವ ಗೆಣ್ಣೊಂದು ಉಳಿದಿತ್ತು, ಅದನ್ನು ನೋಡುತ್ತಾ ಇಪ್ಪತ್ತು ದಿನ ಕಾದೆ. ಬೆಳಿಗ್ಗೆ ಗ್ರಿಲ್ಲಿನ ಹತ್ತಿರ, ಮಧ್ಯಾಹ್ನ ಒಳಗೆ, ನಾಲ್ಕು ಗಂಟೆಗೆ ಮತ್ತೆ ಹೊರಗೆ. ಮೇ ತಿಂಗಳ ಕತ್ತರಿಬಿಸಿಲಿನ ದಿನಗಳಲ್ಲಿ ನಮ್ಮವರ ಹಳೆಯ ಪಂಚೆಯನ್ನು ಗ್ರಿಲ್ಲಿಗೆ ಪರದೆ ಕಟ್ಟಿದೆ. “ಇಷ್ಟು ಸೇವೆ ನಂಗೆ ಮಾಡಿದ್ರೆ ನಾನೂ ಚಿಗುರ್ತಿದ್ದೆ” ಎಂದು ಅವರು ಗೊಣಗಿದರು.

ಬಿಳಿ ಎಲೆ ಬಂತು. ಮೊದಲು ಒಂದು, ಸುರುಳಿ ಬಿಚ್ಚುವಾಗಲೇ ಅರ್ಧ ಬಿಳಿ. ಫೋಟೋ ತೆಗೆದು ದೊಡ್ಡವಳಿಗೆ ವಾಟ್ಸಾಪ್ ಮಾಡಿದೆ. ನೀಲಿ ಗೆರೆ ಬಿತ್ತು, ಉತ್ತರ ಇಲ್ಲ. ಮುಂದಿನ ವಾರ ಮತ್ತೊಂದು ಎಲೆ, ಮತ್ತೊಂದು ಫೋಟೋ. ಒಂದು ಹೆಬ್ಬೆರಳಿನ ಚಿತ್ರ ಬಂತು. ಹೀಗೆ ಒಂದು ವರ್ಷ. ಅವಳು ಫೋನ್ ಮಾಡದೆ ಇರಲಿಲ್ಲ, ಔಷಧಿ ತೆಗೊಂಡ್ಯಾ, ಅಪ್ಪನ ಮಂಡಿನೋವು ಹೇಗಿದೆ ಎಂದು ತಪ್ಪದೆ ವಿಚಾರಿಸುತ್ತಿದ್ದಳು. ಬಾ ಎಂದರೆ ಮಾತ್ರ, “ಈ ವಾರ ಕೆಲಸ ಉಂಟಮ್ಮ.” ಆ ಮೂರು ಕುಂಡದಲ್ಲಿ ಒಂದೇ ಒಂದು ಹಸಿರು ಚಿಗುರು ಉಳಿಯದ ಹಾಗೆ ನೋಡಿಕೊಂಡರೆ ಅವಳು ಒಂದು ದಿನ ಬಂದೇ ಬರುತ್ತಾಳೆಂದು ನಾನು ನಂಬಿಕೊಂಡಿದ್ದೆ.

ಚಿಕ್ಕವಳಿಗೆ ಏಳು ತಿಂಗಳಾಯಿತು. ಸೀಮಂತ ನಮ್ಮ ಮನೆಯಲ್ಲೇ ಮಾಡುವುದೆಂದಾಯಿತು. ಅಕ್ಕ ಬಂದು ಮೊದಲ ಬಳೆ ತೊಡಿಸದಿದ್ದರೆ ತಾನು ಹಸೆಗೆ ಕೂರುವುದಿಲ್ಲ ಎಂದು ಅವಳು ಕಡ್ಡಿ ಮುರಿದ ಹಾಗೆ ಹೇಳಿದಳು. ಸರಿ, ನಾನೇ ಹೋಗಿ ಕರೆಯುತ್ತೇನೆ ಎಂದು ಒಂದು ಭಾನುವಾರ ಬೆಳಿಗ್ಗೆ ಟಿ. ನಗರದಿಂದ ಬಸ್ಸು ಹಿಡಿದೆ. ಚೀಲದಲ್ಲಿ ಚಕ್ಕುಲಿ, ದೊಡ್ಡಪತ್ರೆ ತಂಬುಳಿ, ಕುಂಕುಮದ ಬಟ್ಟಲು, ಅಕ್ಷತೆ. ಅದರ ಜೊತೆ ಅವತ್ತು ಮಾಡಿದ್ದು ತಪ್ಪು ಎನ್ನುವ ಒಂದು ವಾಕ್ಯ. ಅದನ್ನು ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡು ಹೋದೆ.

ಅವಳ ಕೋಣೆ ಮೂರನೇ ಮಹಡಿಯಲ್ಲಿ. ಒಂದೇ ಕಿಟಕಿ, ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಬೆಳಿಗ್ಗೆ ಹನ್ನೊಂದು ಗಂಟೆಗೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅವಳು ಕೂರಿಸಿ ಕಾಫಿ ಕೊಟ್ಟಳು. ಬೆಳಕಿಲ್ಲದ ಕೋಣೆ ಎಂದು ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿದೆ. ಚೀಲದಿಂದ ಬಟ್ಟಲು ತೆಗೆದು ಅವಳ ಹಣೆಗೆ ಕುಂಕುಮ ಇಟ್ಟು, ಕೈಗೆ ಅಕ್ಷತೆ ಕೊಟ್ಟು, “ಗುರುವಾರ ತಂಗಿಯ ಸೀಮಂತ, ಬರ್ಬೇಕು” ಎಂದೆ.

ಅವಳು ಅಂಗೈಯಲ್ಲಿನ ಅಕ್ಷತೆಯನ್ನೇ ನೋಡುತ್ತಾ, “ನಂಗೂ ಹೇಳಿಕೆಯಾ ಅಮ್ಮ?” ಎಂದಳು.

ಆಗ ತಲೆಗೆ ಹೊಳೆಯಿತು. ನಮ್ಮಲ್ಲಿ ಕುಂಕುಮ ಹಿಡಿದು ಮನೆಮನೆಗೆ ಹೋಗಿ ಹೇಳಿಕೆ ಕೊಡುವುದು ಹೊರಗಿನವರಿಗೆ. ಮನೆಯ ಮಕ್ಕಳಿಗೆ ಯಾರಾದರೂ ಕೊಡುತ್ತಾರೆಯೇ? ಗೌರವದಿಂದ ಕರೆಯಬೇಕು, ಏನೂ ಕಮ್ಮಿಯಾಗಬಾರದು ಎಂದು ಹೊರಟವಳು ಹೆತ್ತ ಮಗಳನ್ನು ನೆಂಟರ ಸಾಲಿಗೆ ಸೇರಿಸಿಬಿಟ್ಟಿದ್ದೆ. “ಅಯ್ಯೋ, ಹಾಗಲ್ಲ ಮಗಾ...” ಎಂದು ಏನೋ ತೊದಲಿದೆ. ಅವಳು ಅಕ್ಷತೆಯನ್ನು ಮೇಜಿನ ಮೇಲೆ ಕಾಗದವೊಂದರಲ್ಲಿ ಜೋಪಾನವಾಗಿ ಕಟ್ಟಿಟ್ಟಳು.

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಅಲ್ಲಿ ಆ ಬಾಟಲಿ ಇತ್ತು. ಬಳ್ಳಿ ಕಿಟಕಿಯ ಸರಳು ಸುತ್ತಿ ನೆಲಕ್ಕೆ ಇಳಿದಿತ್ತು. ಪೂರ್ತಿ ಹಸಿರು, ಹುಡುಕಿದರೂ ಒಂದು ಚುಕ್ಕೆ ಬಿಳಿಯಿಲ್ಲ. ಎಲೆಗಳು ಮಾತ್ರ ಅಂಗೈಯಗಲ, ಒರೆಸಿಟ್ಟ ಹಾಗೆ ಹೊಳೆಯುತ್ತಿದ್ದವು. ನನ್ನ ಕೈ ತಾನಾಗಿ ಹೋಯಿತು. ಬುಡದಲ್ಲಾದರೂ ಬಿಳಿ ಉಳಿದ ಗೆಣ್ಣು ಸಿಗುತ್ತದೋ ಎಂದು ತಡಕಿದೆ. “ಇದನ್ನು ಇಲ್ಲಿಗೆ ಮುರಿದ್ರೆ ಸರಿಯಾಗ್ತದೆ, ಕತ್ತರಿ ಕೊಡು” ಎಂದೆ.

“ವಿಡುಮ್ಮಾ.”

ಬಿಡಮ್ಮಾ ಎಂದು. ತಮಿಳಿನಲ್ಲಿ ಹೇಳಿದಳೆಂದರೆ ಸಿಟ್ಟು ಎಂದು ಗೊತ್ತಲ್ಲ. ಆಮೇಲೆ ಬಂದು ಬಳ್ಳಿಯ ಮೇಲಿದ್ದ ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು. “ಅದು ಚೆನ್ನಾಗಿಯೇ ಉಂಟು. ಇಲ್ಲಿ ಬೆಳಕು ಇಷ್ಟೇ, ಅದಕ್ಕೆ ಹಾಗೆ ಇರ್ತದೆ. ನೀನು ಒಂದನ್ನಾದ್ರೂ ಸರಿಮಾಡದೆ ಬಿಟ್ಬಿಡು.”

ಎಣ್ಣೆ ಹಚ್ಚಿದ್ದೂ ಇದೇ ಕೈ, ಕತ್ತರಿ ಹಿಡಿದಿದ್ದೂ ಇದೇ ಕೈ. ಒಂದು ವರ್ಷ ನಾನು ಕಳಿಸಿದ ಫೋಟೋಗಳನ್ನು ಅವಳು ಹೇಗೆ ನೋಡಿರಬಹುದೆಂದು ಆಗ ಅರ್ಥವಾಯಿತು. ಬಿಳಿ ಎಲೆ ಬಂದರೆ ಮಗಳು ಬಂದಾಳೆಂದುಕೊಂಡು ನಾನು ಕುಂಡದ ಹತ್ತಿರ ಮಾಡುತ್ತಿದ್ದ ಪ್ರಾಯಶ್ಚಿತ್ತದಲ್ಲಿ ಅವಳ ಪಾಲು ಏನಿತ್ತು? ಗಿಡಕ್ಕೆ ದಿನಾ ತಪ್ಪಾಯ್ತು ಎಂದೆ. ಅವಳಿಗೆ ಒಂದು ಸಲವೂ ಅನ್ನಲಿಲ್ಲ.

ಅಂದೆ, ಕೊನೆಗೂ. ನಿಂತೇ ಇದ್ದೆ. “ಅವತ್ತು ನಿನ್ನನ್ನು ಕಳಿಸಿದ್ದು ನನ್ನ ತಪ್ಪು ಮಗಾ. ಜಾಗ ಇತ್ತು. ನಂಗೆ ಹೆದರಿಕೆಯಾಗಿತ್ತು, ಅದಕ್ಕೆ ಸುಳ್ಳು ಹೇಳ್ದೆ. ನಿನ್ನ ಬಗ್ಗೆ ನಾಚಿಕೆ ಪಟ್ಟೆ ನಾನು.” ದಾರಿಯಲ್ಲಿ ಕಟ್ಟಿಕೊಂಡಿದ್ದ ವಾಕ್ಯ ಇಷ್ಟು ಉದ್ದ ಇರಲಿಲ್ಲ. ಕೊನೆಯ ಮಾತು ಹೇಗೆ ಬಂತೋ ಗೊತ್ತಿಲ್ಲ, ಆದರೆ ಅದೇ ನಿಜ.

ಅವಳ ಕಣ್ಣು ತುಂಬಿಕೊಂಡವು, ಅಂಗೈಯಿಂದ ಒರೆಸಿಕೊಂಡಳು. “ಗೊತ್ತಮ್ಮ. ನಂಗೆ ಅವತ್ತೇ ಗೊತ್ತಿತ್ತು” ಎಂದಳು. ನನ್ನ ಭುಜದ ಮೇಲೆ ಒಂದು ಗಳಿಗೆ ಕೈಯಿಟ್ಟಳು. ತಣ್ಣಗಾದ ಕಾಫಿಯನ್ನು ಬಿಸಿ ಮಾಡಿ ತಂದಳು. ಜಗಳವಿರಲಿಲ್ಲ, ಕಹಿಯೂ ಇರಲಿಲ್ಲ. ಎಲ್ಲ ಸರಿಹೋಯಿತೆಂದೇ ನಾನು ಅಂದುಕೊಂಡೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳಿದೆ, “ಹಾಗಾದ್ರೆ ಗುರುವಾರ ಬರ್ತೀಯಲ್ಲ?”

“ಬರ್ತೇನೆ ಅಮ್ಮ” ಎಂದಳು. ದನಿಯಲ್ಲಿ ಕೊಂಕಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ, ಚೂರೂ ಇರಲಿಲ್ಲ. “ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೊರಡ್ಬೇಕು, ಅದೊಂದು ಹೇಳಿಬಿಡು. ಹಾಗೇ ಕ್ಯಾಬ್ ಬುಕ್ ಮಾಡ್ತೇನೆ.”

ಫೋನ್ ಕೈಯಲ್ಲಿ ಹಿಡಿದು, ನಾನು ಹೇಳುವ ಸಮಯವನ್ನು ಬರೆದುಕೊಳ್ಳಲು ಅವಳು ಕಾಯುತ್ತಾ ನಿಂತಿದ್ದಳು.